ಬೌಲಿಂಗ್‌ನಲ್ಲಿ ವಿಕೆಟ್ ಕೀಪರ್‌ನ ಪಾಲು

ಬೌಲರ್‌ನ ಹೆಸರಿನ ಮುಂದೆ ಬರೆದ ಅಂಕಿಗಳಲ್ಲಿ ವಿಕೆಟ್ ಕೀಪರ್‌ನ ದುಡಿಮೆಯೂ ಸೇರಿರುತ್ತದೆ. ಅದು ಎಷ್ಟು ಎಂಬುದು ಮಾತ್ರ ಸ್ಕೋರ್ ಪುಸ್ತಕದಿಂದ ತಿಳಿಯುವುದಿಲ್ಲ. ಸ್ಟಂಪಿಂಗ್ ಆದರೂ ಕೀಪರ್ ಕ್ಯಾಚ್ ಹಿಡಿದರೂ ವಿಕೆಟ್ ಬೌಲರ್‌ನದೇ. ಬೈ ರನ್ ಬೌಲರ್‌ನ ಲೆಕ್ಕಕ್ಕೆ ಸೇರದು. ಆದರೆ ಲೆಗ್ ಸೈಡಿನ ವೈಡ್ ಎಸೆತವೊಂದು ಕೀಪರ್‌ನನ್ನು ದಾಟಿ ಬೌಂಡರಿ ಮುಟ್ಟಿದರೆ ಐದೂ ರನ್ ಬೌಲರ್‌ನ ತಲೆಗೇ ಬರುತ್ತವೆ. ಕೈಗೆ ಬಂದು ಜಾರಿದ ಕ್ಯಾಚ್, ಕೂದಲೆಳೆಯಲ್ಲಿ ತಪ್ಪಿದ ಸ್ಟಂಪಿಂಗ್, ಇವುಗಳನ್ನು ಬರೆದಿಡಲು ಅಲ್ಲಿ ಜಾಗವೇ ಇಲ್ಲ.

ಬೇಸ್‌ಬಾಲ್ ಈ ಲೆಕ್ಕವನ್ನು ಹೆಚ್ಚು ಶ್ರದ್ಧೆಯಿಂದ ಇಟ್ಟಿದೆ. ಅಲ್ಲಿ ಪಿಚರ್ ಎಸೆದ ಚೆಂಡನ್ನು ಬ್ಯಾಟರ್‌ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವನು ಕ್ಯಾಚರ್. ಚೆಂಡು ಅವನನ್ನು ದಾಟಿ, ಎದುರಾಳಿ ಓಟಗಾರ ಮುಂದಿನ ಬೇಸ್ ತಲುಪಿದರೆ ತಪ್ಪು ಯಾರದೆಂದು ಅಧಿಕೃತ ಸ್ಕೋರರ್ ತೀರ್ಮಾನಿಸುತ್ತಾನೆ. ಹಿಡಿಯಬಹುದಾಗಿದ್ದ ಚೆಂಡಾದರೆ ‘ಪಾಸ್ಡ್ ಬಾಲ್’ ಎಂದು ಕ್ಯಾಚರ್‌ನ ಲೆಕ್ಕಕ್ಕೆ, ಕೈಗೆಟುಕದ ಎಸೆತವಾದರೆ ‘ವೈಲ್ಡ್ ಪಿಚ್’ ಎಂದು ಪಿಚರ್‌ನ ಲೆಕ್ಕಕ್ಕೆ. 2008ರ ಹೊತ್ತಿಗೆ ಅಮೆರಿಕದ ಮೇಜರ್ ಲೀಗ್ ಮೈದಾನಗಳಲ್ಲಿ ಪ್ರತಿ ಎಸೆತದ ಹಾದಿಯನ್ನು ಅಳೆಯುವ ಕ್ಯಾಮೆರಾಗಳು ಬಂದವು. ಸ್ಟ್ರೈಕ್ ವಲಯದ, ಅಂದರೆ ಬ್ಯಾಟರ್ ಬಿಟ್ಟರೂ ಎಸೆತ ‘ಸ್ಟ್ರೈಕ್’ ಎಂದು ಪಿಚರ್ ಪರ ಎಣಿಕೆಯಾಗುವ ಚೌಕದ, ಅಂಚಿಗೆ ಬಿದ್ದ ಚೆಂಡನ್ನು ಕೈಗವಸು ಅಲುಗದಂತೆ ಹಿಡಿಯುವ ಕ್ಯಾಚರ್ ತನ್ನ ಪಿಚರ್‌ಗೆ ಹೆಚ್ಚು ಸ್ಟ್ರೈಕ್‌ಗಳನ್ನು ಗಳಿಸಿಕೊಡುತ್ತಾನೆ ಎಂಬುದು ಆ ದತ್ತಾಂಶದಿಂದ ಖಚಿತವಾಯಿತು. 2011ರಲ್ಲಿ ಮೈಕ್ ಫಾಸ್ಟ್ ಪ್ರಕಟಿಸಿದ ಅಧ್ಯಯನದಲ್ಲಿ ಮೇಲಿನ ಸಾಲಿನಲ್ಲಿ ಕಂಡ ಹೆಸರು ಹೋಸೆ ಮೊಲಿನಾ, ಬ್ಯಾಟಿಂಗ್‌ನಲ್ಲಿ ಹೆಸರು ಮಾಡದ ಆಟಗಾರ. ಅಲ್ಲಿಂದ ಮುಂದೆ ಕ್ಯಾಚರ್‌ಗಳಿಗೆ ಬೆಲೆ ಕಟ್ಟುವ ರೀತಿಯೇ ಬದಲಾಯಿತು.

ಕ್ರಿಕೆಟ್‌ನಲ್ಲಿ ಅಂಪೈರ್ ನಿಲ್ಲುವುದು ಪಿಚ್ಚಿನ ಆಚೆ ತುದಿಯಲ್ಲಿ, ಸ್ಟ್ರೈಕ್ ತೀರ್ಪು ಕೊಡುವ ಬೇಸ್‌ಬಾಲ್ ಅಂಪೈರ್‌ನಂತೆ ಕ್ಯಾಚರ್‌ನ ಬೆನ್ನ ಹಿಂದೆ ಅಲ್ಲ. ಕೀಪರ್ ಚೆಂಡು ಹಿಡಿದ ಬಗೆ ನೋಡಿ ಅವನು ತೀರ್ಪು ಕೊಡುವುದಿಲ್ಲ. ಆದರೆ ಎರಡೂ ಆಟಗಳಿಗೆ ಸಮಾನವಾದ ಸಂಗತಿಯೊಂದಿದೆ, ನಾವಿಲ್ಲಿ ಸೇರಿರುವ ಈ ಎರಡು ದಿನಗಳ ಸಂಕಿರಣದ ಆಶಯವೂ ಅದೇ. ಮೂರನೇ ಬೇಸ್‌ನಲ್ಲಿ ಓಟಗಾರ ಕಾದಿರುವಾಗ ನೆಲಕ್ಕೆ ಕುಸಿಯುವ ಚೆಂಡನ್ನು ಎಸೆಯಬೇಕಾದರೆ, ಅದನ್ನು ಎದೆಯೊಡ್ಡಿಯಾದರೂ ತಡೆಯುವ ಕ್ಯಾಚರ್ ಹಿಂದಿದ್ದಾನೆ ಎಂಬ ನಂಬಿಕೆ ಪಿಚರ್‌ಗೆ ಬೇಕು. ಲೆಗ್ ಸ್ಟಂಪಿನ ಹೊರಗೆ ಗೂಗ್ಲಿ ಹಾಕುವ ಸ್ಪಿನ್ನರ್‌ಗೂ ಅಂಥದೇ ನಂಬಿಕೆ ಬೇಕು. ಕೀಪರ್ ಹಿಡಿದ ಚೆಂಡುಗಳಿಗಿಂತ, ಅವನಿದ್ದಾನೆಂಬ ಧೈರ್ಯದಿಂದ ಬೌಲರ್ ಹಾಕಿದ ಚೆಂಡುಗಳಲ್ಲೇ ಅವನ ಕೊಡುಗೆ ಹೆಚ್ಚು.

ಇದಕ್ಕೆ ಕರ್ನಾಟಕದ ಉದಾಹರಣೆಗಿಂತ ಒಳ್ಳೆಯದು ಸಿಗುವುದು ಕಷ್ಟ. 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಸೈಯದ್ ಕಿರ್ಮಾನಿ ಮೊದಲ ಟೆಸ್ಟ್ ಆಡಿದರು. ನ್ಯೂಜಿಲೆಂಡ್‌ನ ಮೊದಲ ಇನಿಂಗ್ಸ್‌ನಲ್ಲಿ ಬಿ.ಎಸ್. ಚಂದ್ರಶೇಖರ್ 94 ರನ್‌ಗೆ 6, ಎರಡನೆಯದರಲ್ಲಿ ಇ.ಎ.ಎಸ್. ಪ್ರಸನ್ನ 76 ರನ್‌ಗೆ 8 ವಿಕೆಟ್ ಪಡೆದು ಭಾರತ ಗೆದ್ದಿತು. ಕಿರ್ಮಾನಿಗೆ ಅದು ಹೊಸ ಅಂಗಳ, ಆದರೆ ಹಳೆಯ ಬೌಲರ್‌ಗಳು. 1973–74ರಲ್ಲಿ ಪ್ರಸನ್ನ ನಾಯಕತ್ವದಲ್ಲಿ ರಾಜ್ಯಕ್ಕೆ ಮೊದಲ ರಣಜಿ ಟ್ರೋಫಿ ತಂದ ಬೌಲಿಂಗ್ ಅದೇ ಆಗಿತ್ತು.

ಚಂದ್ರಶೇಖರ್‌ಗೆ ಕೀಪಿಂಗ್ ಮಾಡುವುದು ಎಂಥ ಕೆಲಸ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಲ್ಯದಲ್ಲೇ ಪೋಲಿಯೋದಿಂದ ಸೊರಗಿದ ಅವರ ಬಲಗೈಯಿಂದ ಚೆಂಡು ಹೆಚ್ಚು ಕಡಿಮೆ ಮಧ್ಯಮ ವೇಗಿಯ ವೇಗದಲ್ಲೇ ಬರುತ್ತಿತ್ತು. ಆದರೂ ಅದು ಸ್ಪಿನ್. ಕೀಪರ್ ಸ್ಟಂಪಿಗೆ ಅಂಟಿಯೇ ನಿಲ್ಲಬೇಕು. ಕುಳಿತ ಭಂಗಿಯಿಂದ ಬೇಗ ಎದ್ದರೆ ತಗ್ಗಿದ ಚೆಂಡು ಕೈಕೆಳಗೆ ನುಸುಳುತ್ತದೆ, ತಡವಾಗಿ ಎದ್ದರೆ ಪುಟಿದ ಟಾಪ್ ಸ್ಪಿನ್ನರ್ ಮುಖಕ್ಕೇ ಬರುತ್ತದೆ. ಚೆಂಡು ನೆಲ ಮುಟ್ಟಿ ಪುಟಿಯುವಾಗ ಅದರ ಜೊತೆಗೇ ಕೈಗಳೂ ಏಳಬೇಕು. ಅತಿ ಕಷ್ಟದ್ದು ಲೆಗ್ ಸೈಡಿನ ಚೆಂಡು. ಅಲ್ಲಿ ಬ್ಯಾಟರ್‌ನ ಮೈ ಅಡ್ಡ ಬಂದು ಚೆಂಡು ಕ್ಷಣಕಾಲ ಕಣ್ಮರೆಯಾಗುತ್ತದೆ. ಕೀಪರ್ ಬೌಲರ್‌ನ ಮಣಿಕಟ್ಟು ನೋಡಿದಾಗಲೇ ತಿರುವನ್ನು ಊಹಿಸಿ, ಕಾಲು ಸರಿಸಿ, ಕಾಣದ ಚೆಂಡಿಗೆ ಕೈಯೊಡ್ಡಿ, ಹಿಡಿದ ಕೈಯನ್ನೇ ಬೇಲ್ಸ್‌ಗೆ ತರಬೇಕು. ಕೈಗವಸು ಸ್ಟಂಪಿನ ಮುಂದೆ ಬಂದರೆ ನಿಯಮದಂತೆ ನೋ ಬಾಲ್. 88 ಟೆಸ್ಟ್‌ಗಳಲ್ಲಿ ಕಿರ್ಮಾನಿ ಮಾಡಿದ 38 ಸ್ಟಂಪಿಂಗ್‌ಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1981–82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೂ ಬೈ ಬಿಡದ ಸಾಧನೆಯನ್ನೂ ಹೀಗೆಯೇ ಓದಬೇಕು.

ಕೀಪರ್ ನಿಲ್ಲುವ ಜಾಗವೂ ಬೌಲಿಂಗನ್ನು ಬದಲಿಸುತ್ತದೆ. ಮಧ್ಯಮ ವೇಗಿಗೆ ಕೀಪರ್ ಹತ್ತು ಹೆಜ್ಜೆ ಹಿಂದೆ ನಿಂತರೆ ಬ್ಯಾಟರ್ ಕ್ರೀಸಿನಿಂದ ಒಂದಡಿ ಮುಂದೆ ನಿಂತು, ಸ್ವಿಂಗ್ ಆಗುವ ಮೊದಲೇ ಚೆಂಡನ್ನು ಎದುರಿಸಬಹುದು. ಬೌಲರ್‌ನ ಗುಡ್ ಲೆಂತ್ ಚೆಂಡು ಅಲ್ಲಿಗೇ ಹಾಫ್ ವಾಲಿಯಾಗುತ್ತದೆ. ಕೀಪರ್ ಸ್ಟಂಪಿನ ಹತ್ತಿರಕ್ಕೆ ಬಂದರೆ ಬ್ಯಾಟರ್ ಒಳಗೆ ಸರಿಯಲೇಬೇಕು. ಒಂದೂ ಸ್ಟಂಪಿಂಗ್ ಆಗದೆ ಬೌಲರ್‌ಗೆ ಅವನ ಲೆಂತ್ ಮರಳಿ ಸಿಗುತ್ತದೆ. ಇದಕ್ಕೆ ಬೆಲೆಯೂ ಉಂಟು: ಹತ್ತಿರ ನಿಂತವನಿಗೆ ಬ್ಯಾಟಿನ ಅಂಚು ಸವರಿದ ಚೆಂಡು ಹಿಡಿಯಲು ಸಮಯ ಸಾಲದು. 1983ರ ವಿಶ್ವಕಪ್ ಫೈನಲ್‌ನಲ್ಲಿ ಬಲ್ವಿಂದರ್ ಸಂಧು ಎಸೆತದಲ್ಲಿ ವೆಸ್ಟ್ ಇಂಡೀಸ್‌ನ ಬ್ಯಾಕಸ್ ಕೊಟ್ಟ ಕ್ಯಾಚನ್ನು ಕಿರ್ಮಾನಿ ಹಾರಿ ಹಿಡಿದದ್ದು ಹಿಂದೆ ನಿಂತಿದ್ದರಿಂದಲೇ ಸಾಧ್ಯವಾಯಿತು. ಯಾವಾಗ ಎಲ್ಲಿ ನಿಲ್ಲಬೇಕೆಂಬ ವಿವೇಕವೂ ಕೀಪಿಂಗ್ ಕೌಶಲದ ಭಾಗವೇ.

ಬೆಂಗಳೂರಿನ ಸದಾನಂದ ವಿಶ್ವನಾಥ್ ಆಡಿದ್ದು ಮೂರೇ ಟೆಸ್ಟ್. ಆದರೆ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಳೆಯ ಲೆಗ್ ಸ್ಪಿನ್ನರ್ ಎಲ್. ಶಿವರಾಮಕೃಷ್ಣನ್ ಚೆಂಡಿಗೆ ಗಾಳಿ ಕೊಟ್ಟು ಧಾರಾಳವಾಗಿ ಬೌಲ್ ಮಾಡಲು ಬೆನ್ನಿಗಿದ್ದ ಈ ಕೀಪರ್ ದೊಡ್ಡ ಕಾರಣ. ಮೆಲ್ಬರ್ನ್ ಫೈನಲ್‌ನಲ್ಲಿ ಜಾವೇದ್ ಮಿಯಾಂದಾದ್ ಔಟಾದದ್ದು ಇದೇ ಜೋಡಿಗೆ, ಸ್ಟಂಪಿಂಗ್ ಮೂಲಕ. ಅದಾದ ಮೂರು ವರ್ಷಕ್ಕೆ ಮದ್ರಾಸಿನಲ್ಲಿ ನರೇಂದ್ರ ಹಿರ್ವಾನಿ ಮೊದಲ ಟೆಸ್ಟ್‌ನಲ್ಲೇ 16 ವಿಕೆಟ್ ಪಡೆದದ್ದು ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಕಿರಣ್ ಮೋರೆ ವಿಶ್ವದಾಖಲೆಯ ಆರು ಸ್ಟಂಪಿಂಗ್ ಮಾಡಿದ್ದು ಅಷ್ಟು ಜನಕ್ಕೆ ನೆನಪಿಲ್ಲ.

ಹೈದರಾಬಾದಿನ ಕೋಠಿಯಲ್ಲಿ ಸೇರಿದ ಈ ಸಭೆಗೆ ಇನ್ನೂ ಹತ್ತಿರದವರು ಇದೇ ಊರಿನ ಪೋಚಯ್ಯ ಕೃಷ್ಣಮೂರ್ತಿ. 1971ರಲ್ಲಿ ಭಾರತ ವೆಸ್ಟ್ ಇಂಡೀಸ್ ನೆಲದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಾಗ ಐದೂ ಟೆಸ್ಟ್‌ಗಳಲ್ಲಿ ಕೀಪಿಂಗ್ ಮಾಡಿದವರು ಅವರು. ಬೇಡಿ, ಪ್ರಸನ್ನ, ವೆಂಕಟರಾಘವನ್, ಮೂವರ ಮೂರು ಬಗೆಯ ಸ್ಪಿನ್ನಿಗೆ ಹಿಂದೆ ನಿಂತದ್ದು ಅವರೇ. ವೆಂಕಟರಾಘವನ್ ಒಬ್ಬರೇ ಆ ಸರಣಿಯಲ್ಲಿ 22 ವಿಕೆಟ್ ಪಡೆದರು. ಕೃಷ್ಣಮೂರ್ತಿಯವರ ಬ್ಯಾಟಿನಿಂದ ಮಾತ್ರ ರನ್ ಬರಲಿಲ್ಲ. ಅದೇ ವರ್ಷ ಇಂಗ್ಲೆಂಡ್‌ನಲ್ಲಿ ಆ ಜಾಗಕ್ಕೆ ಫಾರೂಕ್ ಇಂಜಿನಿಯರ್ ಬಂದರು. ಕೃಷ್ಣಮೂರ್ತಿಗೆ ಮತ್ತೆ ಟೆಸ್ಟ್ ಸಿಗಲಿಲ್ಲ. ಐದು ಟೆಸ್ಟ್‌ಗಳಲ್ಲಿ ಏಳು ಕ್ಯಾಚ್, ಒಂದು ಸ್ಟಂಪಿಂಗ್ ಎಂಬ ದಾಖಲೆ ನೋಡಿ ಅವರ ಕೀಪಿಂಗ್ ಅಳೆಯುವುದು ಅನ್ಯಾಯ.

ಬ್ಯಾಟಿಂಗ್ ಬಲದ ಮೇಲೆ ಕೀಪರ್‌ನನ್ನು ಆರಿಸುವುದು ತಪ್ಪೆಂದಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೈಗವಸು ತೊಟ್ಟಿದ್ದರಿಂದ ತಂಡಕ್ಕೆ ಹೆಚ್ಚುವರಿ ಬ್ಯಾಟರ್ ಸಿಕ್ಕಿ ಭಾರತ ಫೈನಲ್ ತಲುಪಿತು. ಒಂದು ವಿಶ್ವಕಪ್‌ನಲ್ಲಿ 16 ಬಲಿ ಎಂಬ ಅವರ ಭಾರತೀಯ ದಾಖಲೆಯನ್ನು 2023ರಲ್ಲಿ ಕೆ.ಎಲ್. ರಾಹುಲ್ 17ಕ್ಕೆ ಏರಿಸಿದರು. ಇಬ್ಬರೂ ಶ್ರಮಪಟ್ಟು ಕೀಪಿಂಗ್ ಕಲಿತವರು. ಆಕ್ಷೇಪವಿರುವುದು ಬೇರೆ ಕಡೆ: ಕೀಪರ್ ಗಳಿಸುವ ರನ್ನಿಗೆ ಲೆಕ್ಕವಿದೆ, ಅವನು ಉಳಿಸುವ ರನ್ನಿಗಿಲ್ಲ. ಲೆಕ್ಕವಿಲ್ಲದ ಗುಣ ಆಯ್ಕೆ ಸಮಿತಿಯ ಮೇಜಿನ ಮೇಲೆ ಸೋಲುತ್ತದೆ.

ಅಳತೆಯಲ್ಲಿ ಎಚ್ಚರವೂ ಬೇಕು. ಯಾವ ಚೆಂಡು ಎಸೆಯಬೇಕೆಂದು ಸನ್ನೆ ಮಾಡುವ ಕ್ಯಾಚರ್‌ನ ಜಾಣ್ಮೆಯಿಂದ ಪಿಚರ್‌ನ ಫಲಿತಾಂಶ ಸುಧಾರಿಸುತ್ತದೆ ಎಂಬುದು ಬೇಸ್‌ಬಾಲ್‌ನ ಹಳೆಯ ನಂಬಿಕೆ. 1999ರಲ್ಲಿ ಕೀತ್ ವುಲ್ನರ್ ಅಂಕಿಗಳನ್ನು ಜಾಲಾಡಿದಾಗ ಅದಕ್ಕೆ ಗಟ್ಟಿ ಪುರಾವೆ ದೊರೆಯಲಿಲ್ಲ. ಕೀಪರ್ ಬದಲಾದೊಡನೆ ಬೌಲರ್‌ನ ಸರಾಸರಿ ಬದಲಾಯಿತೆಂದು ಎರಡು ಪಂದ್ಯ ನೋಡಿ ಹೇಳುವುದೂ ದುಡುಕು. ಪಿಚ್, ಎದುರಾಳಿ, ಚೆಂಡಿನ ಸ್ಥಿತಿ ಎಲ್ಲವೂ ಜೊತೆಗೇ ಬದಲಾಗಿರುತ್ತವೆ.

ಹೀಗಾಗಿ ಕೆಲಸ ಬುಡದಿಂದ ಶುರುವಾಗಬೇಕು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಕಾಲೇಜು ಮತ್ತು ಕ್ಲಬ್ ಪಂದ್ಯಗಳ ಸ್ಕೋರರ್‌ಗಳು ಪ್ರತಿ ಓವರಿಗೆ ಕೀಪರ್ ಹತ್ತಿರ ನಿಂತನೋ ಹಿಂದೆ ನಿಂತನೋ ಗುರುತಿಸಲಿ. ಬಿಟ್ಟ ಕ್ಯಾಚ್, ತಪ್ಪಿದ ಸ್ಟಂಪಿಂಗ್ ಬರೆಯಲಿ. ಬೈ ಬಂದಾಗ ತಪ್ಪು ಕೀಪರ್‌ನದೋ ಬೌಲರ್‌ನದೋ ಎಂದು ಒಂದಕ್ಷರ ಸೇರಿಸಲಿ. ಇಲ್ಲಿ ಕೂಡಿರುವ ತರಬೇತುದಾರರು, ದೈಹಿಕ ಶಿಕ್ಷಣ ಅಧ್ಯಾಪಕರು, ಸ್ಕೋರರ್‌ಗಳು ಈ ಎರಡು ದಿನಗಳಲ್ಲಿ ಅಂಥದೊಂದು ನಮೂನೆಯನ್ನು ಒಪ್ಪಿಕೊಂಡು, ಬರುವ ಋತುವಿನ ಪಂದ್ಯಗಳಿಂದಲೇ ಅದನ್ನು ಬಳಸಲು ತೊಡಗಬೇಕೆಂದು ವಿನಂತಿ.