ಕಸ ಹೋಗುವುದು ಯಾವ ಊರಿಗೆ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತನಾಡಪ್ಪ ಎಂದು ಮೇಷ್ಟ್ರು ಹೇಳಿದ್ದರು. ಕ್ಷಮಿಸಬೇಕು, ನಾನು ಕಸದ ಬಗ್ಗೆ ಮಾತನಾಡುತ್ತೇನೆ.

ಬಿ.ಇ. ಮುಗಿಸಿ ನಾನು ಬೆಂಗಳೂರು ಸೇರಿದ್ದು 2012ರಲ್ಲಿ. ಆ ವರ್ಷ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತು, ನಗರದ ಬೀದಿಗಳಲ್ಲಿ ರಾಶಿ ಬಿತ್ತು. ನಾವು ಮೂಗು ಮುಚ್ಚಿಕೊಂಡು ಯಾರನ್ನೋ ಬೈದೆವು. 2014ರಲ್ಲಿ ಮಂಡೂರಿನ ಜನ ಕಸದ ಲಾರಿಗಳನ್ನು ತಡೆದಾಗ ನನಗೆ ನಾಚಿಕೆಯಾಯಿತು. ನಗರದ ನಾವು ಬಾಗಿಲಾಚೆ ಇಟ್ಟ ಚೀಲ ಹೋಗುತ್ತಿದ್ದುದು ನಮ್ಮಂಥದ್ದೇ ಒಂದು ಹಳ್ಳಿಗೆ.

ನಾನಿದ್ದ ಕಟ್ಟಡದಲ್ಲಿ 12 ಮನೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಚೀಟಿ ಅಂಟಿಸಿದೆ, ಯಾರೂ ಓದಲಿಲ್ಲ. ಒಂದು ಬೆಳಿಗ್ಗೆ ಕಸ ಒಯ್ಯುವ ಅಕ್ಕ ಕೈಯಿಂದಲೇ ಬೇರ್ಪಡಿಸುವಾಗ ಒಡೆದ ಲೋಟ ಬೆರಳು ಸೀಳಿತು. ಕೆಳಮನೆಯ ಅಜ್ಜಿ ಅರಿಶಿನ ತಂದು ಹಚ್ಚಿದರು. ಲೋಟ ತಮ್ಮ ಮನೆಯದೇ ಎಂದು ಆಗ ಅವರಿಗೆ ಗೊತ್ತಾಯಿತು. ಮರುದಿನ ಅಜ್ಜಿಯೇ ಮನೆಮನೆಗೆ ಹೋಗಿ ಹೇಳಿದರು. ತಿಂಗಳೊಳಗೆ ಒಂಬತ್ತು ಮನೆ ಒಪ್ಪಿದವು. ಉಳಿದ ಮೂರಕ್ಕೆ ಒಂದು ವರ್ಷ ಹಿಡಿಯಿತು.

ಈಗ ನಮ್ಮೂರಿನ ಮಾತು. ನಾನು ಈ ಶಾಲೆಗೆ ಬರುವಾಗ ತಿಪ್ಪೆಯಲ್ಲಿ ಸಗಣಿ, ಬೂದಿ, ಸೊಪ್ಪುಸದೆ ಇರುತ್ತಿತ್ತು. ಎಲ್ಲವೂ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಇಂದು ಅದೇ ತಿಪ್ಪೆಯಲ್ಲಿ ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಹಾಲಿನ ಕವರ್. ಗೊಬ್ಬರದ ಜೊತೆ ಅವೂ ಹೊಲಕ್ಕೆ ಹೋಗುತ್ತಿವೆ. ಉಳಿದದ್ದು ಬಚ್ಚಲ ಒಲೆಗೆ. ಆ ಹೊಗೆ ಕುಡಿಯುವವರು ಒಲೆಯ ಮುಂದೆ ಕೂತ ನಮ್ಮ ತಾಯಂದಿರು.

ಮಾಡಬೇಕಾದ್ದು ಸ್ವಲ್ಪವೇ. ಅಡುಗೆಮನೆಯ ಹಸಿ ಕಸ ತಿಪ್ಪೆಗೇ ಹೋಗಲಿ. ಒಣ ಕಸಕ್ಕೆ ಹಿತ್ತಲಲ್ಲಿ ಒಂದು ಖಾಲಿ ಚೀಲ ನೇತುಹಾಕಿ. ಹಾಲಿನ ಕವರ್‌ನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರನ್ನು ಆಯುವವರಿಲ್ಲ. ಕವರ್ ತೊಳೆದು ಒಣಗಿಸಿದರೆ ಗುಜರಿಗೆ ಹೋಗುತ್ತದೆ, ಕೊಳೆತು ನಾರಿದರೆ ಯಾರಿಗೂ ಬೇಡ. ಗಾಜು, ಬ್ಲೇಡನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಿ. ಚಿಪ್ಸ್ ಪೊಟ್ಟಣ ಗುಜರಿಯವರಿಗೂ ಬೇಡ. ಅದನ್ನು ಕೊಳ್ಳುವುದನ್ನೇ ಕಡಿಮೆ ಮಾಡಬೇಕು.

ಗೋಡೆಯ ಚೀಟಿಯ ಮಾತು ಯಾರೂ ಕೇಳುವುದಿಲ್ಲ, ನೆರೆಮನೆಯವರ ಮಾತು ಕೇಳುತ್ತಾರೆ. ಬೀದಿಗೊಬ್ಬರು ಹೊರಟರೆ ಸಾಕು. ನಾಳೆ ಬೆಳಿಗ್ಗೆ ನಮ್ಮ ಬೀದಿಗೆ ನಾನು ಮತ್ತು ಅಮ್ಮ ಚೀಲ ಹಿಡಿದು ಹೊರಡುತ್ತೇವೆ. ನಿಮ್ಮ ಬೀದಿಗೆ ಯಾರು?