ಪ್ರಯೋಗಾಲಯದಿಂದ ವೈದ್ಯರ ಕಡತಕ್ಕೆ



ಮೈಲಾರಲಿಂಗನ ಒಕ್ಕಲಾದ ಕನ್ನಡಿಗರಿಗೆ ಪುಣೆ ಜಿಲ್ಲೆಯ ಜೇಜುರಿ ಪರಿಚಿತ ಕ್ಷೇತ್ರ. ಅಲ್ಲಿ ರಕ್ತಪರೀಕ್ಷೆ ಮಾಡಿಸಿ, ಸುಮಾರು 50 ಕಿಲೋಮೀಟರ್ ದೂರದ ಪುಣೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುವ ರೋಗಿಯನ್ನು ಊಹಿಸಿಕೊಳ್ಳಿ. ಕಿಮೊಥೆರಪಿಯ ಪ್ರತಿ ಸುತ್ತಿಗೆ ಮುನ್ನ ವೈದ್ಯರು ಸಾಮಾನ್ಯವಾಗಿ ಬಿಳಿ ರಕ್ತಕಣಗಳ ಎಣಿಕೆಯನ್ನು ನೋಡುತ್ತಾರೆ. ಅದು ತೀರ ಕುಸಿದಿರುವಾಗ ಔಷಧ ನೀಡಿದರೆ ಸೋಂಕು ತಗಲಿ ಪ್ರಾಣಕ್ಕೇ ಎರವಾದೀತು. ವರದಿಯನ್ನು ಕೈಯಿಂದ ನಕಲು ಮಾಡುವಾಗ ಒಂದು ಸೊನ್ನೆ ಹೆಚ್ಚಾದರೂ ಸಾಕು! ಪ್ರಯೋಗಾಲಯದ ತಂತ್ರಾಂಶವನ್ನು ಆಸ್ಪತ್ರೆಯ ವಿದ್ಯುನ್ಮಾನ ದಾಖಲೆಗೆ ಜೋಡಿಸಿದರೆ ಅಂಕಿಯು ನೇರವಾಗಿ ವೈದ್ಯರನ್ನು ತಲುಪುತ್ತದೆ. ಆದರೆ ಎರಡೂ ಕಡೆ ರೋಗಿಯ ಗುರುತು ಒಂದೇ ಆಗಿರಬೇಕು. ಖಂಡೋಬನ ಊರಿನಲ್ಲಿ ಖಂಡೂ ಎಂಬವರು ಒಬ್ಬರೇ ಇರುವರೇ? 2021ರಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಗಳ ‘ಆಭಾ’ ಸಂಖ್ಯೆ ಇದಕ್ಕೆ ನೆರವಾಗುತ್ತದೆ. ಅದನ್ನು ಪಡೆಯುವುದು ಐಚ್ಛಿಕ. ದಾಖಲೆಯ ಹಂಚಿಕೆಗೆ ರೋಗಿಯ ಒಪ್ಪಿಗೆ ಬೇಕು. ಸಂಖ್ಯೆ ಉಳ್ಳವರು ರಕ್ತ ಕೊಡುವಾಗಲೇ ಅದನ್ನು ಬರೆಯಿಸುವುದು ಲೇಸು.