ಹೊಂಡದ ನೀರಿನ ಹಸಿರು ಗುಂಡುಗಳು



ಹಂಪಸಾಗರದ ಸೀಮೆಗೆ ತುಂಗಭದ್ರಾ ಜಲಾಶಯದ ಹಿನ್ನೀರು ಸಮೀಪವಾಗಿದೆ. ನೀರು ಇಳಿದ ಮೇಲೆ ತಗ್ಗುಗಳಲ್ಲಿ ನಿಂತ ನೀರು ಹಸಿರಾಗುವುದುಂಟು. ಹಸಿರೆಲ್ಲವೂ ಒಂದೇ ಅಲ್ಲ. ಈ ಭೇದವನ್ನರಿಯದಿದ್ದರೆ ದನಕರುಗಳಿಗೆ ಅಪಾಯವು.

ಅಂಥ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ, ಕೆಲವು ವೇಳೆ ರಾಗಿಕಾಳಿಗಿಂತಲೂ ಚಿಕ್ಕದಾದ ಹಸಿರು ಗುಂಡುಗಳು ಉರುಳುತ್ತ ಸಾಗುವುದು ಬರಿಗಣ್ಣಿಗೇ ಕಾಣುತ್ತದೆ. ಇದು ವಾಲ್ವಾಕ್ಸ್ ಎಂಬ ಪಾಚಿ. ಹಾಲೆಂಡಿನ ಲೀವೆನ್‌ಹುಕ್ ಎಂಬಾತನು 1700ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಒಂದೊಂದು ಗುಂಡೂ ಒಂದೊಂದು ಗ್ರಾಮವಿದ್ದಂತೆ. ಐನೂರರಿಂದ ಹಲವು ಸಾವಿರದವರೆಗೆ ಜೀವಕೋಶಗಳು ಅಂಟಿನಲ್ಲಿ ಒಂದೇ ಪದರವಾಗಿ ನೆಲೆಸಿ, ತಮ್ಮ ಎರಡೆರಡು ಚಾವಟಿಗಳನ್ನು ಬಡಿದು ಗುಂಡನ್ನು ಬೆಳಕಿನತ್ತ ನಡೆಸುತ್ತವೆ. ಸಂತಾನವು ಕೆಲವೇ ಕೋಶಗಳ ಪಾಲಿನದು. ಅವು ಒಡೆದು ತಾಯಿಯ ಒಳಗೇ ಮರಿಗುಂಡುಗಳಾಗುತ್ತವೆ. ವಿಚಿತ್ರವೇನೆಂದರೆ, ಮರಿಯು ಮೊದಲು ಒಳಹೊರಗಾಗಿದ್ದು, ಬಳಿಕ ಚೀಲವನ್ನು ತಿರುವಿದಂತೆ ಮಗುಚಿಕೊಳ್ಳುತ್ತದೆ. ಮರಿಗಳು ಹೊರಬಿದ್ದಾಗ ತಾಯಿಗೆ ಮರಣವು. ನೀರು ಬತ್ತಿದರೆ ದಪ್ಪ ಕವಚದ ಬೀಜಾಣುಗಳು ಕೆಸರಿನಲ್ಲಿ ಉಳಿಯುತ್ತವೆ. ದಕ್ಷಿಣ ಭಾರತದ ಈ ವರ್ಗವನ್ನು ಮದರಾಸಿನ ಎಂ. ಓ. ಪಿ. ಅಯ್ಯಂಗಾರರು ಶೋಧಿಸಿ 1933ರಲ್ಲಿ ವಿವರವಾಗಿ ಪ್ರಕಟಿಸಿದರು.

ಈ ಗುಂಡುಗಳು ವಿಷವಲ್ಲ. ಇವನ್ನು ಸಣ್ಣ ಜಲಕೀಟಗಳು ತಿನ್ನುತ್ತವೆ, ಅವನ್ನು ಮೀನುಮರಿಗಳು. ಆದರೆ ಬಣ್ಣ ಚೆಲ್ಲಿದಂತೆ ನೀಲಿಹಸಿರಾಗಿ ಕೆನೆಗಟ್ಟಿ, ಗಾಳಿಗೆ ದಡ ಸೇರಿ ನಾರುವುದು ಬೇರೆಯೇ ಜಾತಿ. ಅದರಲ್ಲಿ ಅನೇಕ ವೇಳೆ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ; ಕುದಿಸಿದರೂ ಅದು ಹೋಗದು. ಅಂಥ ದಡಕ್ಕೆ ದನಗಳನ್ನು ಬಿಡದೆ, ಬಾವಿಯ ನೀರನ್ನು ತೊಟ್ಟಿಗೆ ತುಂಬಿ ಕುಡಿಸತಕ್ಕದ್ದು. ತಿಪ್ಪೆಯ ರಸವೂ ಗೊಬ್ಬರದ ನೀರೂ ಹೊಂಡಕ್ಕೆ ಹರಿಯದಂತೆ ಮುಂಗಾರಿಗೆ ಮೊದಲೇ ಬದು ಹಾಕಿಸತಕ್ಕದ್ದು.